ಗೆರೆ ಎಳೆಯುವವರು

ಮಕ್ಕಳೇ, ಖೋ-ಖೋ ಆಡೋಕೆ ನೀವು ಮೈದಾನಕ್ಕೆ ಬರುವ ಹೊತ್ತಿಗೆ ಬಿಳಿ ಗೆರೆಗಳು ಆಗಲೇ ಬಿದ್ದಿರುತ್ತವಲ್ಲ, ಅವನ್ನು ಎಳೆದವರು ಯಾರು ಅಂತ ಯಾವತ್ತಾದರೂ ಕೇಳಿದ್ದೀರಾ?

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬಹಳ ವರ್ಷ ಆ ಕೆಲಸ ಮಾಡಿದವರಲ್ಲಿ ನಾನೂ ಒಬ್ಬ. ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಅಳತೆ ಸುಲಭ, ಮೂಲೆಯೇ ಕಷ್ಟ. ಮೂಲೆ ಸೊಟ್ಟಗಾದರೆ ಇಡೀ ಅಂಕಣ ಸೊಟ್ಟ. ಅದಕ್ಕೊಂದು ಉಪಾಯವಿದೆ. 12 ಮೀಟರ್ ಹಗ್ಗದ ಎರಡೂ ತುದಿ ಸೇರಿಸಿ ಕಟ್ಟಿ, 3, 4, 5 ಮೀಟರ್ ಭಾಗವಾಗುವಂತೆ ಗುರುತು ಮಾಡಿ. ಗುರುತಿಗೊಬ್ಬರಂತೆ ಮೂವರು ಹಿಡಿದು ಬಿಗಿಯಾಗಿ ಎಳೆದರೆ, 3 ಮತ್ತು 4 ಕೂಡುವ ಕಡೆ ಸರಿಯಾದ ಲಂಬಕೋನ! ನೀವು ಗಣಿತದ ಪುಸ್ತಕದಲ್ಲಿ ಓದುವ ಪೈಥಾಗೊರಸ್ ನಮಗೆ ಸುಣ್ಣದ ಬಕೆಟ್ ಪಕ್ಕದಲ್ಲೇ ಸಿಗುತ್ತಾನೆ.

ಒಮ್ಮೆ ಮೊಮ್ಮಗಳು ಕೇಳಿದಳು, "ತಾತ, ಇದಕ್ಕೆ ನಿಂಗೆ ಎಷ್ಟು ದುಡ್ಡು ಕೊಡ್ತಾರೆ?"

"ದುಡ್ಡೇನೂ ಇಲ್ಲಮ್ಮ. ಒಂದೊಂದ್ಸಲ ಕಾಫಿ ಕೊಡ್ತಾರೆ."

"ಮತ್ಯಾಕೆ ಹೋಗ್ತೀಯ?"

ಅವಳಿಗೆ ನನ್ನ ಪುರಾಣ ಹೇಳಲಿಲ್ಲ. ಕೊಡಗಿನ ಪಾಂಡಂಡ ಕುಟ್ಟಪ್ಪನವರ ಕತೆ ಹೇಳಿದೆ.

ಕುಟ್ಟಪ್ಪನವರು ಬ್ಯಾಂಕ್ ನೌಕರರಾಗಿದ್ದವರು, ಹಾಕಿ ಅಂಪೈರ್ ಕೂಡ. ಕೊಡವರಲ್ಲಿ ಮನೆತನಕ್ಕೆ 'ಒಕ್ಕ' ಎನ್ನುತ್ತಾರೆ. ಕೆಲಸ, ಓದು ಅಂತ ಊರೂರಿಗೆ ಚದುರಿದ ಮನೆತನಗಳನ್ನು ಒಂದೇ ಮೈದಾನಕ್ಕೆ ಕರೆತರಬೇಕು, ಹಾಕಿಯೂ ಬೆಳೆಯಬೇಕು ಎಂಬುದು ಅವರ ಆಸೆ. 1997ರಲ್ಲಿ ಕರಡ ಗ್ರಾಮದಲ್ಲಿ ಕೌಟುಂಬಿಕ ಹಾಕಿ ಶುರುವಾಯಿತು. 60 ಕುಟುಂಬಗಳು ಬಂದವು. ತಂಡವೆಂದರೆ ಒಂದೇ ಮನೆತನದವರು. ಹಾಗಾಗಿ ಅಜ್ಜ, ಚಿಕ್ಕಮ್ಮ, ಶಾಲೆಗೆ ಹೋಗುವ ಹುಡುಗ ಎಲ್ಲರೂ ಒಟ್ಟಿಗೆ ಸ್ಟಿಕ್ ಹಿಡಿದು ಇಳಿಯುತ್ತಾರೆ. ಭಾರತ ತಂಡಕ್ಕೆ ಆಡಿದವರೂ ತಮ್ಮ ಮನೆತನದ ಪರವಾಗಿ ಆಡುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಆ ಪಂದ್ಯಾವಳಿ ಪಾಂಡಂಡ ಮನೆಯಲ್ಲೇ ಉಳಿಯಲಿಲ್ಲ. ಪ್ರತಿ ಸಲ ಬೇರೆ ಕುಟುಂಬ ಅದನ್ನು ನಡೆಸುತ್ತದೆ, ಕಪ್ಪಿಗೂ ಆ ಕುಟುಂಬದ್ದೇ ಹೆಸರು. ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. ಅದು ಕೋವಿಡ್ ಕಾಲ, ಆಟವೂ ನಿಂತಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? 2023ರಲ್ಲಿ ಮತ್ತೆ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕಪ್‌ಗೆ 396.

ಕತೆ ಕೇಳಿ ಮೊಮ್ಮಗಳು ಸುಮ್ಮನಿರಲಿಲ್ಲ. "ಸರಿ, ನಿನ್ನ ಬಕೆಟ್ ಯಾರು ತಗೋತಾರೆ?" ಅಂದಳು.

ಅದೇ ನನ್ನ ಚಿಂತೆ. ನನ್ನ ಜೊತೆ ಹಗ್ಗ ಹಿಡಿಯುತ್ತಿದ್ದವರಲ್ಲಿ ಒಬ್ಬರು ಮಗನ ಮನೆಗೆ ಬೆಂಗಳೂರಿಗೆ ಹೋದರು, ಇನ್ನೊಬ್ಬರಿಗೆ ಬಗ್ಗಲಾಗುವುದಿಲ್ಲ. ಹೋದ ವರ್ಷ ಕುಣಿಗಲ್ ಕಡೆ ಒಂದು ಪಂದ್ಯ, ಸಮಯ ನೋಡುವವರಿಲ್ಲದೆ ಒಂದೂವರೆ ಗಂಟೆ ತಡವಾಯಿತು. ಹುಡುಗಿಯರು ಬಿಸಿಲಲ್ಲಿ ಕಾಯುತ್ತಾ ಕೂತಿದ್ದರು, ಕೊನೆಗೆ ಬಸ್ಸು ತಪ್ಪುತ್ತದೆಂದು ಒಂದು ತಂಡ ಆಡದೆಯೇ ಹೊರಟುಹೋಯಿತು. ಆಟ ಕಲಿತು, ಅಷ್ಟು ದೂರ ಬಂದು, ಒಂದು ಗಡಿಯಾರಕ್ಕೆ ಜನವಿಲ್ಲ ಅಂದರೆ!

ಆಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಈಗ ಗೆರೆ ನಾನು ಎಳೆಯುವುದಿಲ್ಲ, ಪಕ್ಕದಲ್ಲಿ ನಿಂತು ಕಲಿಸುತ್ತೇನೆ. ಗುಬ್ಬಿಯ ಏಳನೇ ತರಗತಿಯ ಮೂವರು ಹುಡುಗಿಯರಿಗೆ ಹಗ್ಗದ ಲೆಕ್ಕ ಬಂದಿದೆ. ನಿಜ ಹೇಳಬೇಕೆಂದರೆ ಅವರ ಗೆರೆ ನನ್ನದಕ್ಕಿಂತ ನೆಟ್ಟಗಿರುತ್ತದೆ. ಸುಣ್ಣ ಮಾತ್ರ ಎರಡರಷ್ಟು ಖರ್ಚು.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ಬಗ್ಗಬೇಕಾಗಿಲ್ಲ, ಓಡಬೇಕಾಗಿಲ್ಲ. ಖೋ-ಖೋದಲ್ಲಿ ಒಂದು ಸರದಿ 9 ನಿಮಿಷ. ಕುರ್ಚಿಯಲ್ಲಿ ಕೂತು ಅಷ್ಟು ಹೊತ್ತು ಗಡಿಯಾರ ನೋಡಿದರೆ ಸಾಕು. ಮೊಮ್ಮಕ್ಕಳ ಪಂದ್ಯಕ್ಕೆ ಹೋಗುವಾಗ ಕನ್ನಡಕ ಮರೆಯಬೇಡಿ.