ಕೋಳಿಯ ನುಸಿಯೂ ಮನೆಯ ಮದ್ದೂ

ಸಾಹಿತ್ಯದ ಪುಟದಲ್ಲಿ ಕೋಳಿಯ ವಿಚಾರವಾಗಿ ಬರೆಯುವುದಕ್ಕೆ ಸಂಕೋಚಪಡಬೇಕಾದ ಕಾರಣವೇನೂ ನನಗೆ ಕಾಣುವುದಿಲ್ಲ. ನವಿಲು, ಗಿಳಿ, ಕೋಗಿಲೆ, ಚಕೋರ ಇವುಗಳಿಗೆ ನಮ್ಮ ಕವಿಗಳು ಸಾವಿರ ವರ್ಷಗಳಿಂದ ಆಸನ ಹಾಕಿಕೊಟ್ಟಿದ್ದಾರೆ. ಚಕೋರವನ್ನು ಕಣ್ಣಾರೆ ಕಂಡವರು ಅವರಲ್ಲಿ ಎಷ್ಟು ಮಂದಿಯೋ! ಬೆಳಗಿನ ಜಾವ ನಮ್ಮನ್ನು ಎಬ್ಬಿಸುವ, ತಿಪ್ಪೆಯನ್ನು ಕೆದಕುವ, ಅಡಿಗೆಮನೆಯ ಹೊಸಿಲಿನವರೆಗೆ ಬಂದು ಇಣುಕಿ ನೋಡುವ ಕೋಳಿಯನ್ನಾದರೋ ಎಲ್ಲರೂ ಕಂಡಿದ್ದೇವೆ. ಕಂಡದ್ದನ್ನು ಕುರಿತು ಬರೆಯುವುದು ಕಾಣದ್ದನ್ನು ಕುರಿತು ಬರೆಯುವುದಕ್ಕಿಂತ ಕೀಳೆಂಬ ಮಾತನ್ನು ನಾನು ಒಪ್ಪಲಾರೆ.

ಹಾಗೆಂದು ಕೋಳಿಯ ಸೌಂದರ್ಯವನ್ನು ವರ್ಣಿಸುವ ಉದ್ದೇಶವೂ ನನಗಿಲ್ಲ. ಅದರ ಮೈಗೆ ಹತ್ತುವ ನುಸಿ, ಆ ನುಸಿಗೆಂದು ನಾವು ಮನೆಯಲ್ಲಿ ಮಾಡುವ ಮದ್ದು, ಇವೆರಡೇ ನನ್ನ ವಿಷಯ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಾಕಿದ ಪ್ರಾಣಿಗೆ ಮನೆಯಲ್ಲಿಯೇ ಶುಶ್ರೂಷೆ ಮಾಡುವುದು ಒಳ್ಳೆಯ ಕೆಲಸ, ಆದರೆ ರೋಗವನ್ನು ನೋಡುವುದಕ್ಕೆ ಮುಂಚೆಯೇ ಮದ್ದನ್ನು ಅರೆಯುವ ನಮ್ಮ ಆತುರದಿಂದ ನುಸಿಗಿಂತ ಹೆಚ್ಚು ಕೋಳಿಗಳು ಕಷ್ಟಪಡುತ್ತಿವೆ.

ಹುಣಸೂರು ತಾಲ್ಲೂಕಿನ ಗಾವಡಗೆರೆಯಲ್ಲಿ ನನ್ನ ತಮ್ಮನ ಮನೆ. ಅಲ್ಲಿ ಅವನ ಮಗಳು ಒಂದು ಹ್ಯಾಟೆಯನ್ನು ಸಾಕಿಕೊಂಡಿದ್ದಾಳೆ. ಹೆಸರು ಕೆಂಪಿ. ಸಾರಿಗೆಂದೂ ಸಂತೆಗೆಂದೂ ಸಾಕಿದ ಕೋಳಿಯಲ್ಲ. ಹುಡುಗಿ ಶಾಲೆಯಿಂದ ಬಂದೊಡನೆ ಓಡಿಬಂದು ಅವಳ ಕಾಲ ಬಳಿ ನಿಲ್ಲುವ ಕೋಳಿ. ಒಂದು ಸಲ ನಾನು ಹೋಗಿದ್ದಾಗ ಕೆಂಪಿಯ ಜುಟ್ಟು ಬಿಳಿಚಿಕೊಂಡಿತ್ತು, ಬಾಲದ ಬುಡದಲ್ಲಿ ಗರಿ ಉದುರಿತ್ತು, ಮೊಟ್ಟೆ ನಿಂತುಹೋಗಿತ್ತು. ನುಸಿ ಹತ್ತಿದೆಯೆಂದು ಬೀದಿಯವರೆಲ್ಲ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಾಗಿತ್ತು. ಮದ್ದಿನ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ. ಹೊಗೆಸೊಪ್ಪನ್ನು ಕುದಿಸಿ ಆ ನೀರಿನಲ್ಲಿ ಅದ್ದಬೇಕೆಂದು ಒಬ್ಬರು. ಸೀಮೆಎಣ್ಣೆ ಸವರಬೇಕೆಂದು ಇನ್ನೊಬ್ಬರು. ಹೊಲಕ್ಕೆ ಹೊಡೆದು ಉಳಿದ ಔಷಧಿ ಒಂದು ಮುಚ್ಚಳದಷ್ಟು ಸಾಕೆಂದು ಮತ್ತೊಬ್ಬರು. ಹುಡುಗಿ ನನ್ನ ಮುಖ ನೋಡಿ, “ದೊಡ್ಡಪ್ಪ, ಯಾವುದು ಹಾಕೋಣ?” ಎಂದಳು. ಏನಿದೆಯೋ ಮೊದಲು ನೋಡೋಣವೆಂದೆ. ಕೆಂಪಿಯನ್ನು ಬಿಸಿಲಿನಲ್ಲಿ ತೊಡೆಯ ಮೇಲೆ ಮಲಗಿಸಿ ಗರಿಗಳನ್ನು ಬಿಡಿಸಿ ನೋಡಿದೆವು. ಹುಲ್ಲಿನ ಬಣ್ಣದ ನಾಲ್ಕಾರು ಹೇನುಗಳು ಸರಸರನೆ ಓಡಿದುವು, ಅಷ್ಟೇ. ಜುಟ್ಟು ಬಿಳಿಚುವಷ್ಟು ರಕ್ತ ಕುಡಿಯುವ ಸೈನ್ಯವೇನೂ ಅಲ್ಲಿ ಇರಲಿಲ್ಲ. ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ನಮ್ಮ ತಾಯಿ, “ಹಗಲು ಹುಡುಕಿದರೆ ಕಳ್ಳ ಸಿಕ್ಕುತ್ತಾನೆಯೇ? ರಾತ್ರಿ ಮಂಕರಿ ಎತ್ತಿ ನೋಡಿ” ಎಂದರು.

ಆ ಮಾತಿನಲ್ಲಿ ಇಡಿಯ ಶಾಸ್ತ್ರವೇ ಅಡಗಿತ್ತು. ಕೋಳಿಯ ಕೆಂಪು ನುಸಿಯನ್ನು ಸ್ವೀಡನ್ ದೇಶದ ಡೆಗೀರ್ ಎಂಬ ವಿದ್ವಾಂಸನು 1778ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವರ್ಣಿಸಿದನು. ಡರ್ಮನಿಸಸ್ ಗ್ಯಾಲಿನೇ ಎಂಬುದು ಇಂದು ಅದರ ಶಾಸ್ತ್ರೀಯ ನಾಮ. ಗಸಗಸೆ ಕಾಳಿನಷ್ಟು ಗಾತ್ರ. ಹಗಲೆಲ್ಲ ಇದು ಕೋಳಿಯ ಮೈಮೇಲೆ ಇರುವುದೇ ಇಲ್ಲ. ಗೂಡಿನ ಸಂದಿಯಲ್ಲಿ, ಮಂಕರಿಯ ಹೆಣಿಗೆಯಲ್ಲಿ, ಕೋಳಿ ಕೂರುವ ಗಳುವಿನ ಅಡಿಯಲ್ಲಿ ಅವಿತುಕೊಂಡಿರುತ್ತದೆ. ಕತ್ತಲಾದಮೇಲೆ ಹೊರಟು ಬಂದು ರಕ್ತ ಹೀರಿ ಬೆಳಗಾಗುವುದರೊಳಗಾಗಿ ಮನೆ ಸೇರುತ್ತದೆ. ಹಸಿದಾಗ ಬೂದುಬಣ್ಣ, ಉಂಡಾಗ ಕೆಂಪು. ಸೆಕೆಯ ದಿನಗಳಲ್ಲಿ ಮೊಟ್ಟೆಯಿಂದ ಹೊರಟು ಮತ್ತೆ ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಅನ್ನವಿಲ್ಲದಿದ್ದರೂ ತಿಂಗಳುಗಟ್ಟಲೆ ಕಾದಿರಬಲ್ಲುದು. ಇಂಥ ಪ್ರಾಣಿಗಾಗಿ ಕೋಳಿಯನ್ನು ಹಿಡಿದು ಹಗಲಿನಲ್ಲಿ ಕಷಾಯಕ್ಕೆ ಅದ್ದಿದರೆ ಆಗುವ ಪ್ರಯೋಜನವೇನು? ಕಳ್ಳ ಹೊರಗಿರುವಾಗ ಮನೆಯ ಯಜಮಾನನನ್ನು ಕಟ್ಟಿ ಹೊಡೆದಂತಾಯಿತು.

(ನುಸಿ ಎಂಬ ಮಾತೂ ಸೊಗಸಾದುದು. ಪುಸ್ತಕದ ನುಸಿ, ಧಾನ್ಯದ ನುಸಿ, ಕಣ್ಣಿಗೆ ಮುತ್ತುವ ನುಸಿ, ರೇಷ್ಮೆ ಸೀರೆಯ ನಡುವೆ ಇಡುವ ನುಸಿಗುಳಿಗೆ, ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತೆಂಗಿನ ತೋಟಗಳನ್ನು ಕಾಡಿದ ನುಸಿಪೀಡೆ: ಕಣ್ಣಿಗೆ ಕಂಡೂ ಕಾಣದ ಹಾಗಿರುವ ಎಲ್ಲಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. ಭಾಷೆಗೆ ಇದರಿಂದ ನಷ್ಟವಿಲ್ಲ, ಕೋಳಿಗೆ ಇದೆ.)

ಏಕೆಂದರೆ ನುಸಿಯೆಂದು ನಾವು ಕರೆಯುವುದರಲ್ಲಿ ನಾಲ್ಕೈದು ಬೇರೆ ಬೇರೆ ಜೀವಿಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಸಲ್ಲದು. ಹೇನು ಹಗಲಿರುಳೂ ಮೈಯ ಮೇಲೆಯೇ ಇರುತ್ತದೆ, ಗರಿಯ ಬುಡಕ್ಕೆ ಬಿಳಿಯ ಗೊಂಚಲಾಗಿ ಸೀರನ್ನು ಅಂಟಿಸುತ್ತದೆ, ಕೋಳಿಯನ್ನು ಬಿಟ್ಟು ಒಂದು ವಾರಕ್ಕಿಂತ ಹೆಚ್ಚು ಬದುಕಲಾರದು. ಇನ್ನೊಂದು ಜಾತಿಯ ನುಸಿ ಗರಿಯಲ್ಲಿಯೇ ಸಂಸಾರ ಹೂಡಿ ಬಾಲದ ಬುಡವನ್ನು ಮಸಿ ಬಳಿದಂತೆ ಕಪ್ಪಾಗಿಸುತ್ತದೆ. ಮತ್ತೊಂದು ಕಾಲಿನ ಚಿಪ್ಪಿನಡಿ ಬಿಲ ತೋಡುತ್ತದೆ. ಕಾಲು ದಪ್ಪವಾಗಿ, ಚಿಪ್ಪುಗಳು ಎದ್ದು, ಸುಣ್ಣ ಮೆತ್ತಿದಂತೆ ಕಾಣುತ್ತದೆ. ಇದಕ್ಕೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲನ್ನು ನೆನೆಸಿ ಒರೆಸಿ ಕೊಬ್ಬರಿ ಎಣ್ಣೆಯನ್ನು ದಪ್ಪವಾಗಿ ಸವರುತ್ತ ಕೆಲವು ವಾರ ಬಿಡದೆ ಮಾಡಿದರೆ, ಗಾಳಿ ಸಿಕ್ಕದೆ ಹುಳು ಸಾಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದುವವರೂ ಉಂಟು. ಹುಳುವಿನೊಡನೆ ಕೋಳಿಯ ಚರ್ಮವೂ ಸುಡುತ್ತದೆ. ಇವೆಲ್ಲಕ್ಕೂ ಮೇಲಾಗಿ, ಏನೂ ಹತ್ತದಿರುವ ಕೋಳಿಯೂ ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸ ಗರಿ ತೊಡುತ್ತದೆ, ಆಗ ಮೊಟ್ಟೆಯನ್ನೂ ನಿಲ್ಲಿಸುತ್ತದೆ. ಹುಂಜದ ಕಾಲುಗುರಿಗೆ ಸಿಕ್ಕಿ ಬೆನ್ನು ಬೋಳಾದ ಹ್ಯಾಟೆಗಳನ್ನಂತೂ ಲೆಕ್ಕವಿಡುವವರಿಲ್ಲ. ಅವುಗಳಿಗೂ ನಮ್ಮಲ್ಲಿ ನುಸಿಯ ಮದ್ದೇ.

ಗಾವಡಗೆರೆಯಲ್ಲಿ ಅಂದು ರಾತ್ರಿ ಮಂಕರಿಯನ್ನು ಎತ್ತಿ ಬೆಳಕು ಬಿಟ್ಟು ನೋಡಿದಾಗ ಬಿದಿರಿನ ಹೆಣಿಗೆಯ ಸಂದಿಸಂದಿಯಲ್ಲಿಯೂ ಕೆಂಪು ಕಾಳುಗಳು ಹರಿದಾಡುತ್ತಿದ್ದುವು. ಬಿಳಿಯ ಬಟ್ಟೆಯಿಂದ ಉಜ್ಜಿದರೆ ಬಟ್ಟೆಗೆ ರಕ್ತದ ಗೆರೆ ಬಿತ್ತು. ಮಂಕರಿಯನ್ನು ಮಾರನೆಯ ದಿನ ಸುಟ್ಟೆವು. ಗೂಡಿನ ಗೋಡೆಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸಂದಿ ಮುಚ್ಚುವಂತೆ ಸುಣ್ಣ ಬಳಿದು, ಹಳೆಯ ಹುಲ್ಲನ್ನು ಹೊರಗೆ ಹಾಕಿ ಬೆಂಕಿಯಿಟ್ಟೆವು. ಮೊಟ್ಟೆಗಳು ಬಿಸಿನೀರಿಗೆ ಸಿಕ್ಕದೆ ಉಳಿದಿರಬಹುದಾದ್ದರಿಂದ ವಾರ ಬಿಟ್ಟು ವಾರ ಇದನ್ನೇ ಮತ್ತೆರಡು ಸಲ ಮಾಡಬೇಕೆಂದು ತಮ್ಮನಿಗೆ ಹೇಳಿ ಬಂದೆ. ಕೆಂಪಿಯ ಮೈಗೆ ನಾವು ಏನನ್ನೂ ಹಾಕಲಿಲ್ಲ. ಹಿತ್ತಿಲಲ್ಲಿ ಒಂದು ಗುಣಿ ತೋಡಿ ಜರಡಿಯಾಡಿದ ಬೂದಿಯನ್ನೂ ಒಣಮಣ್ಣನ್ನೂ ತುಂಬಿಟ್ಟೆವು. ಸ್ನಾನವನ್ನು ಅದೇ ಮಾಡಿಕೊಂಡಿತು.

ಹೊಗೆಸೊಪ್ಪಿನ ಮಾತನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸೀಮೆ ಹೊಗೆಸೊಪ್ಪಿನ ಸೀಮೆ. ರಾಜಮಂಡ್ರಿಯ ತಂಬಾಕು ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಹುಣಸೂರಿನಲ್ಲಿ ಸ್ಥಾಪಿತವಾದದ್ದೂ ಈ ಕಾರಣದಿಂದಲೇ. ಮಳೆಗಾಲ ಅರ್ಧ ಕಳೆಯುತ್ತಿದ್ದಂತೆ ಊರೂರಿನ ಬ್ಯಾರನ್‌ಗಳಲ್ಲಿ ಬೆಂಕಿ ಬೀಳುತ್ತದೆ, ಗಾಳಿಯಲ್ಲಿ ಎಲೆ ಬೇಯುವ ಘಾಟು. ಇಲ್ಲಿ ಕೋಳಿಯ ನುಸಿಗೆ ಹೊಗೆಸೊಪ್ಪು ಮದ್ದಾದದ್ದು ಆಶ್ಚರ್ಯವಲ್ಲ; ಮನೆಯಲ್ಲಿ ಇರುವುದೇ ತಾನೇ ಮನೆಮದ್ದು? ಅದು ಮೂಢನಂಬಿಕೆಯೂ ಅಲ್ಲ. ಎಲೆಯಿಂದ ತೆಗೆದ ನಿಕೋಟಿನ್ ಸಲ್ಫೇಟನ್ನು ಅಮೆರಿಕೆಯ ರೈತರು ಕೋಳಿ ಕೂರುವ ಗಳುಗಳಿಗೆ ದಶಕಗಳ ಕಾಲ ಬಳಿಯುತ್ತಿದ್ದರು. ರಾತ್ರಿ ಅದರ ಆವಿ ಏರಿ ಹೇನು ಸಾಯುತ್ತಿತ್ತು. ಇನ್ನೂ ಸ್ವಾರಸ್ಯವಾದ ಸಂಗತಿಯೊಂದನ್ನು ಮೆಕ್ಸಿಕೋ ನಗರದ ಸಂಶೋಧಕರು ಸುಮಾರು 2013ರಲ್ಲಿ ಪ್ರಕಟಿಸಿದರು. ಅಲ್ಲಿನ ಗುಬ್ಬಿಗಳೂ ಫಿಂಚ್ ಹಕ್ಕಿಗಳೂ ಬೀದಿಯಲ್ಲಿ ಬಿದ್ದ ಸಿಗರೇಟಿನ ತುಂಡುಗಳನ್ನು ಆರಿಸಿ ತಂದು ಅದರ ಎಳೆಗಳನ್ನು ಗೂಡಿಗೆ ಹಾಸುತ್ತವೆ. ಹಾಸಿದಷ್ಟೂ ಗೂಡಿನಲ್ಲಿ ನುಸಿ ಕಡಿಮೆ. ಹಕ್ಕಿಗಳಿಗೂ ಮನೆಮದ್ದು ತಿಳಿದಿದೆಯೆಂದು ನಾವು ಹಿಗ್ಗಬಹುದು. ಆದರೆ ಅದೇ ಸಂಶೋಧಕರು ಮುಂದೆ ಮರಿಗಳ ರಕ್ತವನ್ನು ಪರೀಕ್ಷಿಸಿ, ತುಂಡುಗಳು ಹೆಚ್ಚಾಗಿದ್ದ ಗೂಡಿನ ಮರಿಗಳ ರಕ್ತಕಣಗಳಲ್ಲಿ ಹಾನಿಯೂ ಹೆಚ್ಚಾಗಿದ್ದುದನ್ನು ಕಂಡರು. ನುಸಿಯ ನರವನ್ನು ಕಟ್ಟುವ ವಿಷ ಹಕ್ಕಿಯ ನರವನ್ನು ಮನ್ನಿಸುವುದಿಲ್ಲ.

ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾದುದಿಲ್ಲ. ಇಬ್ಬನಿಯಲ್ಲಿ ನೆನೆದ ಹಸಿ ಎಲೆಯನ್ನು ಕಂಕುಳಲ್ಲಿ ಹೊತ್ತು ಕಿತ್ತವರಿಗೆ ಸಂಜೆ ತಲೆಸುತ್ತು, ವಾಂತಿ; ವಿಷ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಐವತ್ತು ಅರವತ್ತು ಕಿಲೋ ತೂಗುವ ಮನುಷ್ಯನಿಗೆ ಹೀಗಾದರೆ, ಒಂದೂವರೆ ಕಿಲೋದ ಕೋಳಿಯನ್ನು ಕುತ್ತಿಗೆಯವರೆಗೆ ಕಷಾಯಕ್ಕೆ ಅದ್ದಿದಾಗ ಆಗುವುದನ್ನು ಊಹಿಸಬಹುದು. ಕಷಾಯಕ್ಕೆ ಅಳತೆಯೂ ಇಲ್ಲ. ಎಲೆಯಿಂದ ಎಲೆಗೆ ನಿಕೋಟಿನ್ನಿನ ಪ್ರಮಾಣ ಎರಡು ಮೂರು ಪಟ್ಟು ವ್ಯತ್ಯಾಸವಾಗುವುದುಂಟು. ಹೋದ ವರ್ಷ ಒಗ್ಗಿದ ಮದ್ದು ಈ ವರ್ಷ ಕೊಲ್ಲಬಹುದು. ನಿಕೋಟಿನ್ ಸಲ್ಫೇಟಿನ ಬಳಕೆ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಹಿಂದೆ ಎಲ್ಲಕ್ಕೂ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನೂ 1997ರಲ್ಲಿ ನಿಷೇಧಿಸಿದರು. ಹಳ್ಳಿಯವರ ಅಜ್ಞಾನವೆಂದು ಪೇಟೆಯವರು ನಗಬೇಕಾಗಿಲ್ಲ. 2017ರಲ್ಲಿ ಹಾಲೆಂಡ್, ಬೆಲ್ಜಿಯಂ ದೇಶಗಳಲ್ಲಿ, ಗಿಡಮೂಲಿಕೆಯ ಮದ್ದೆಂದು ಹೇಳಿಕೊಂಡು ಮಾರುತ್ತಿದ್ದ ದ್ರವದಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕವನ್ನು ಬೆರೆಸಿ ದೊಡ್ಡ ದೊಡ್ಡ ಕೋಳಿಮನೆಗಳಿಗೆ ಹೊಡೆದರು. ಅದೂ ಇದೇ ಕೆಂಪು ನುಸಿಗಾಗಿಯೇ. ಮೊಟ್ಟೆಯಲ್ಲಿ ವಿಷ ಕಾಣಿಸಿಕೊಂಡಿತು. ಯೂರೋಪಿನ ಅಂಗಡಿಗಳಿಂದ ಲಕ್ಷಗಟ್ಟಲೆ ಮೊಟ್ಟೆಗಳನ್ನು ಹೊರಗೆ ಸುರಿದರು.

ಬೂದಿಯ ವಿಷಯ ಬೇರೆ. ಕೋಳಿ ಮಣ್ಣಿನಲ್ಲಿ ಹೊರಳುವುದನ್ನು ನಾವು ಚೇಷ್ಟೆಯೆಂದುಕೊಳ್ಳುತ್ತೇವೆ. ಅದು ಅದರ ಅಭ್ಯಂಜನ. ನುಣುಪಾದ ಧೂಳು ಹೇನು ನುಸಿಗಳ ಮೈಯ ಮೇಣವನ್ನು ಕೆರೆದು ಅವು ಒಣಗಿ ಸಾಯುವಂತೆ ಮಾಡುತ್ತದೆ. ಕ್ಯಾಲಿಫೋರ್ನಿಯದ ಕೀಟಶಾಸ್ತ್ರಜ್ಞರು 2012ರ ಸುಮಾರಿಗೆ ಧೂಳಿನ ಪೆಟ್ಟಿಗೆಗಳನ್ನಿಟ್ಟು ಪರೀಕ್ಷಿಸಿ, ಅವುಗಳನ್ನು ಬಳಸಿದ ಕೋಳಿಗಳ ಮೈಯ ನುಸಿ ತೀರ ತಗ್ಗಿದ್ದನ್ನು ಕಂಡಿದ್ದಾರೆ. ಗಂಧಕ ಬೆರೆಸಿದ ಧೂಳು ಎಲ್ಲಕ್ಕಿಂತ ಚೆನ್ನಾಗಿ ಕೆಲಸಮಾಡಿತು. ಕೊಕ್ಕಿನ ತುದಿಯನ್ನು ಕತ್ತರಿಸಿದ ಕೋಳಿಗಳ ಮೈಯಲ್ಲಿ ನುಸಿ ಹೇನುಗಳು ಹೆಚ್ಚುತ್ತವೆ ಎಂಬುದೂ ಅಲ್ಲಿಯೇ ತಿಳಿಯಿತು. ನಮ್ಮ ನಾಟಿಕೋಳಿಗೆ ಕೊಕ್ಕು ಉಳಿದಿದೆ. ಧೂಳು ಮಾತ್ರ ಹೋಗುತ್ತಿದೆ. ಅಂಗಳಕ್ಕೆ ಸಿಮೆಂಟು ಬಂತು. ಅಡಿಗೆಗೆ ಗ್ಯಾಸು ಬಂದ ಮೇಲೆ ಒಲೆಯ ಬೂದಿಯೂ ಇಲ್ಲವಾಯಿತು. ಹೆಂಗಸರ ಕಣ್ಣಿನ ಹೊಗೆ ತಪ್ಪಿತಲ್ಲ ಎಂಬ ಸಂತೋಷದಲ್ಲಿ ಕೋಳಿಯ ಈ ನಷ್ಟವನ್ನು ದೊಡ್ಡದು ಮಾಡಲು ನನಗೆ ಮನಸ್ಸಿಲ್ಲ. ಹುಣಸೂರಿನ ಕಡೆ ಬ್ಯಾರನ್ನಿನ ಒಲೆಗಳಲ್ಲಿ ಬೂದಿ ಇನ್ನೂ ರಾಶಿಯಾಗಿ ಬೀಳುತ್ತದೆ (ಆ ಬೂದಿಗಾಗಿ ಎಷ್ಟು ಮರ ಉರುಳಿತೆಂಬುದು ಇನ್ನೊಂದು ಲೇಖನದ ವಿಷಯ). ಪೂರ್ತಿ ಆರಿದ, ಒಣಗಿದ ಬೂದಿಯನ್ನು ಮಣ್ಣಿನೊಡನೆ ಬೆರೆಸಿಡುವುದಕ್ಕೆ ಖರ್ಚೇನೂ ಇಲ್ಲ. ಒದ್ದೆಯಾದರೆ ಚರ್ಮ ಉರಿಯುತ್ತದೆ, ಆದ್ದರಿಂದ ಸೂರಿನಡಿ ಇಡಬೇಕು.

ಬೂದಿಯಿಂದಲೂ ಬಿಸಿನೀರಿನಿಂದಲೂ ಹತೋಟಿಗೆ ಬಾರದ ನುಸಿ ಉಂಟು. ಜುಟ್ಟು ಕಾಗದದಂತೆ ಬಿಳಿಚಿ ಕೋಳಿ ಕುಳಿತಲ್ಲಿಂದ ಏಳದಿದ್ದರೆ, ಕಾವಿಗೆ ಕುಳಿತ ಹ್ಯಾಟೆ ಮೊಟ್ಟೆ ಬಿಟ್ಟು ಎದ್ದು ಓಡುತ್ತಿದ್ದರೆ, ಪಶುವೈದ್ಯರನ್ನು ಕೇಳಲೇಬೇಕು. ಇಲ್ಲಿ ನಮಗೊಂದು ವಿಚಿತ್ರವಾದ ನಾಚಿಕೆ. ಎಮ್ಮೆಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವವರು, “ಒಂದು ಕೋಳಿಗಾಗಿ ಡಾಕ್ಟರರ ಹತ್ತಿರ ಹೋಗುವುದೇ?” ಎನ್ನುತ್ತಾರೆ. ಕೋಳಿಯ ಬೆಲೆಗಿಂತ ಬಸ್ಸಿನ ಖರ್ಚು ಹೆಚ್ಚೆಂಬುದು ಲೆಕ್ಕ. ಹಳ್ಳಿಯ ಮನೆಗಳಲ್ಲಿ ದನ ಗಂಡಸಿನ ಆಸ್ತಿ, ಕೋಳಿ ಹೆಂಗಸಿನದು ಅಥವಾ ಮಗುವಿನದು ಎಂಬುದನ್ನು ನೆನೆದರೆ, ಈ ಲೆಕ್ಕವನ್ನು ಹಾಕಿದವರು ಯಾರೆಂಬುದು ತಿಳಿಯುತ್ತದೆ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾಲಯವನ್ನು ಕರೆಸಿಕೊಳ್ಳುವ ಏರ್ಪಾಡು ಈಗ ಇದೆ; ಕೋಳಿಯೂ ಪಶುವೆಂದು ನಾವು ಒಪ್ಪಬೇಕು, ಅಷ್ಟೆ. ವೈದ್ಯರು ಕೊಟ್ಟ ಔಷಧಿಯಾದರೆ ಎಷ್ಟು ದಿನ ಮೊಟ್ಟೆಯನ್ನು ತಿನ್ನಬಾರದೆಂಬುದನ್ನೂ ಅವರೇ ಹೇಳುತ್ತಾರೆ. ಬೀದಿಯ ವೈದ್ಯರು ಹೇಳಿದ ಮುಚ್ಚಳದಷ್ಟು ಔಷಧಿಗೆ ಆ ಲೆಕ್ಕವೇ ಇಲ್ಲ. ಮಗು ತಾನು ಪ್ರೀತಿಸುವ ಕೋಳಿಯ ಮೊಟ್ಟೆಯನ್ನೇ ಮಾರನೆಯ ದಿನ ತಿನ್ನುತ್ತದೆ.

ಈ ಪುಟವನ್ನು ಓದುವ ಉಪಾಧ್ಯಾಯರಲ್ಲಿ ಒಂದು ವಿನಂತಿ. ಶಾಲೆಯ ಬೀರುವಿನಲ್ಲಿ ಭೂತಗನ್ನಡಿಯೊಂದು ಇದ್ದೀತು. ವರ್ಷಕ್ಕೊಮ್ಮೆ ತನಿಖೆಯ ದಿನ ಅದು ಹೊರಗೆ ಬರುವುದು. ಅದನ್ನು ಒಂದು ದಿನದ ಮಟ್ಟಿಗೆ ಕೋಳಿ ಸಾಕಿದ ಮಗುವಿಗೆ ಕೊಡಿ. ಬಿಳಿಯ ಕಾಗದದ ಮೇಲೆ ಗೂಡಿನ ಧೂಳನ್ನು ಉದುರಿಸಿಕೊಂಡು ಕಾಲುಗಳನ್ನು ಎಣಿಸಲಿ. ಹೇನಿಗೆ ಆರು, ನುಸಿಗೆ ಎಂಟು. ಮೊಟ್ಟೆಯೊಡೆದು ಆಗತಾನೆ ಬಂದ ನುಸಿಮರಿಗೆ ಮಾತ್ರ ಆರೇ ಕಾಲು; ಅದನ್ನು ಕಂಡು ಮಗು ಹೇನೆಂದು ವಾದಿಸಿದರೆ ಸ್ವಲ್ಪ ಹೊತ್ತು ವಾದಿಸಲು ಬಿಡಿ.