ಜೈಲಿಗೆ ಕಳಿಸುವ ಅವಸರ

ಘೋರ ಅಪರಾಧವೊಂದು ಸುದ್ದಿಯಾದ ಸಂಜೆಗೇ ‘ಎನ್‌ಕೌಂಟರ್ ಮಾಡಿ ಬಿಸಾಕಬೇಕು, ಕೋರ್ಟು ಕಚೇರಿ ಯಾಕೆ?’ ಎಂಬ ಮಾತು ಶುರುವಾಗುತ್ತದೆ. 2019ರಲ್ಲಿ ಹೈದರಾಬಾದಿನ ಹತ್ತಿರ ನಾಲ್ವರು ಆರೋಪಿಗಳನ್ನು ಗುಂಡಿಟ್ಟು ಕೊಂದ ಪೊಲೀಸರ ಮೇಲೆ ಜನ ಹೂ ಎರಚಿದರು. ಕೊಲ್ಲಬೇಕೆಂದೇ ಹಾರಿಸಿದ ಗುಂಡುಗಳವು ಎಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಆಯೋಗ 2022ರಲ್ಲಿ ಹೇಳಿದಾಗ ಆ ಉತ್ಸಾಹ ಯಾರಲ್ಲೂ ಇರಲಿಲ್ಲ.

ಇಂಥವರು ಕುಶಾಲನಗರದ ಕಡೆಯ ಆ ಆದಿವಾಸಿಯ ಕಥೆ ಕೇಳಬೇಕು. ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟವನು ಆತನೇ. ಬೆಟ್ಟದಪುರದ ಬಳಿ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ತೀರ್ಮಾನಿಸಿದ ಪೊಲೀಸರು ಕೊಲೆ ಆರೋಪ ಹೊರಿಸಿ ಆತನನ್ನು ಜೈಲಿಗಟ್ಟಿದರು. ಡಿಎನ್‌ಎ ವರದಿ ಬರುವ ಮೊದಲೇ ಚಾರ್ಜ್‌ಶೀಟ್ ಹೋಯಿತು. ಬಂದ ವರದಿಯಲ್ಲಿ ತಾಳೆಯಾಗದಿದ್ದರೂ ಕೇಸು ನಿಲ್ಲಲಿಲ್ಲ. ಸುಮಾರು ಒಂದೂವರೆ ವರ್ಷ ಸೆರೆವಾಸ. 2025ರ ಏಪ್ರಿಲ್‌ನಲ್ಲಿ ‘ಸತ್ತ’ ಹೆಂಡತಿ ಮಡಿಕೇರಿಯ ಹೋಟೆಲ್ಲಿನಲ್ಲಿ ಕಣ್ಣಿಗೆ ಬಿದ್ದಳು. ‘ತ್ವರಿತ ನ್ಯಾಯ’ ಸಿಕ್ಕಿದ್ದರೆ ಅಷ್ಟು ಹೊತ್ತಿಗೆ ಗಂಡನ ತಿಥಿ ಮುಗಿದಿರುತ್ತಿತ್ತು. ಮೈಸೂರಿನ ಸೆಷನ್ಸ್ ಕೋರ್ಟ್ ಆತನನ್ನು ಖುಲಾಸೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಆದೇಶಿಸಿತು.

ನನ್ನನ್ನು ಕಾಡುವುದು ಆ ಎಲುಬು. ಅದು ಯಾರದು? ಆರೋಪಿ ಸಿಕ್ಕನೆಂದು ಕಡತ ಮುಚ್ಚಿಟ್ಟಷ್ಟು ಕಾಲ ಆ ಜೀವದ ಹೆಸರನ್ನು ಯಾರು ಹುಡುಕುತ್ತಾರೆ? ಕೊಲೆಯೇ ಆಗಿದ್ದರೆ ಕೊಂದವನು ಹಾಯಾಗಿ ಸಂತೆಗೆ ಹೋಗಿ ಬರುತ್ತಿದ್ದ. ನಿರಪರಾಧಿಯನ್ನು ಕಾಯುವುದೆಂದರೆ ಅಪರಾಧಿಗೆ ಮಣೆ ಹಾಕುವುದು ಎನ್ನುವವರ ಲೆಕ್ಕದಲ್ಲಿ ಇದು ಬರುವುದೇ ಇಲ್ಲ.

ಗೌರವಿಸಬೇಕಾದ ಆಕ್ಷೇಪ ಬೇರೆಯಿದೆ: ಸಂಶಯದ ಲಾಭ ಬಲಾಢ್ಯರಿಗೇ ಸಿಗುತ್ತದಲ್ಲ ಎನ್ನುವುದು. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಆ ಸಿಟ್ಟು ನನಗೂ ಇದೆ. ಆದರೆ ಅಲ್ಲಿ ಇರದೆ ಹೋದದ್ದು ಸಾಕ್ಷಿಗಳಿಗೆ ರಕ್ಷಣೆ. ಪುರಾವೆಯ ಮಟ್ಟ ಇಳಿಸಿದರೆ ಊರಿನ ದೊಡ್ಡ ಕುಳಗಳು ಒಳಗೆ ಹೋಗುವುದಿಲ್ಲ, ವಕೀಲರ ಫೀಸು ಹೊಂದಿಸಲಾಗದವರು ಹೋಗುತ್ತಾರೆ. ದೇಶದ ಜೈಲುಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಈಗಲೇ ವಿಚಾರಣಾಧೀನ ಕೈದಿಗಳು.

ಸುಳ್ಳು ಕೇಸಿನಲ್ಲಿ ನೊಂದವರ ಪರಿಹಾರಕ್ಕೆ ಕಾನೂನು ಮಾಡಿ ಎಂದು ಕಾನೂನು ಆಯೋಗ 2018ರಲ್ಲೇ ಹೇಳಿತ್ತು. ಅದಕ್ಕೆ ಕಾಯದೆ ಒಂದು ಕೆಲಸವನ್ನಂತೂ ಮಾಡಬಹುದು: ಗುರುತು ಸಿಗದ ಶವವಾದರೆ, ಡಿಎನ್‌ಎ ವರದಿ ಕೈಗೆ ಬರುವವರೆಗೆ ಕೊಲೆ ಕೇಸಿನ ಚಾರ್ಜ್‌ಶೀಟ್ ಹಾಕಕೂಡದು. 90 ದಿನ ಮೀರಿದರೆ ಆರೋಪಿಗೆ ಜಾಮೀನು ಸಿಕ್ಕಿಬಿಡುತ್ತದೆ ಎನ್ನುತ್ತಾರೆ ಪೊಲೀಸರು. ಸಿಗಲಿ, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಿ ಹೋಗಲಿ.