ಹೈಸ್ಕೂಲಿನಲ್ಲೇ ಪ್ರಯೋಗ ಮಾಡಿಸಿ

ನಾನು ಕಾಮರ್ಸ್ ವಿದ್ಯಾರ್ಥಿನಿ. ವಿಜ್ಞಾನದ ಲ್ಯಾಬ್ ಬಗ್ಗೆ ನಿನಗೇಕೆ ಚಿಂತೆ ಎಂದು ನೀವು ಕೇಳಬಹುದು. ಹೈಸ್ಕೂಲ್ ಲ್ಯಾಬ್ ಹೆಚ್ಚು ಬೇಕಾಗಿರುವುದು ನಮ್ಮಂಥವರಿಗೇ.

ಪಿಯುಸಿ ವಿಜ್ಞಾನದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ತಲಾ 30 ಅಂಕಗಳ ಪ್ರಾಯೋಗಿಕ ಪರೀಕ್ಷೆ ಇದೆ. ಹಾಗಾಗಿ ಅವರು ಲ್ಯಾಬಿಗೆ ಹೋಗಲೇಬೇಕು. ಕಾಮರ್ಸ್, ಆರ್ಟ್ಸ್ ಸೇರಿದವರಿಗೆ ಹತ್ತನೇ ತರಗತಿಯೇ ಕೊನೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ನಾನು ಓದಿದ ಶಾಲೆಯಲ್ಲಿ ಬೋರ್ಡ್ ನೋಡಿ ಪ್ರಯೋಗದ ಚಿತ್ರ ಬರೆದುಕೊಂಡೆವು, ಅಷ್ಟೇ. ಈಗ ವಿಡಿಯೊ ತೋರಿಸುತ್ತಾರಂತೆ. ಅದೇ ಶಾಲೆಯಲ್ಲಿ ಓದಿದ ನನ್ನ ಅಬ್ಬಾ ಲಿಟ್ಮಸ್ ಕಾಗದ ಅದ್ದಿದ್ದನ್ನು ಇವತ್ತಿಗೂ ಹೇಳುತ್ತಾರೆ.

ಒಮ್ಮೆ ಅಮ್ಮಿಯ ಬಿಳಿ ದುಪಟ್ಟಾದ ಅರಿಶಿನದ ಕಲೆಗೆ ಸೋಪು ಹಚ್ಚಿದೆ. ಕಲೆ ಕೆಂಪಾಯಿತು. ಅಮ್ಮಿ ಗಾಬರಿಯಾದರು, ನಾನೂ ಗಾಬರಿಯಾದೆ. ಪ್ರತ್ಯಾಮ್ಲ ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನೇ! ಚೆನ್ನಾಗಿ ನೀರು ಹಾಕಿ ಜಾಲಿಸಿದಾಗ ಕಲೆ ಮತ್ತೆ ಹಳದಿಯಾಯಿತು. ಆಗಷ್ಟೇ ಆ ಪಾಠ ನೆನಪಾಯಿತು.

ಸಮಯವಿಲ್ಲ, ಸಾಮಾನಿಲ್ಲ ಎನ್ನುತ್ತಾರೆ. ಸಿಲಬಸ್ ಮುಗಿಸುವ ಒತ್ತಡ ಶಿಕ್ಷಕರಿಗೆ ಇರುವುದು ನಿಜ. ಆದರೆ ಅರಿಶಿನ, ಸೋಪು, ನಿಂಬೆಹಣ್ಣಿಗೆ ಎಷ್ಟು ಖರ್ಚಾದೀತು? ಕೈಯಾರೆ ಲೆಡ್ಜರ್ ಬರೆಯದೆ ಅಕೌಂಟೆನ್ಸಿ ಬರುವುದಿಲ್ಲ. ವಿಜ್ಞಾನವೂ ಹಾಗೆಯೇ.

ನಮ್ಮ ಕಾಲೇಜಿನ ಲ್ಯಾಬ್ ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ. ತಿಂಗಳಿಗೊಂದು ಶನಿವಾರ ಚನ್ನರಾಯಪಟ್ಟಣದ ಹೈಸ್ಕೂಲ್ ಮಕ್ಕಳನ್ನು ಅಲ್ಲಿಗೆ ಕರೆಯೋಣ. ವಿಜ್ಞಾನ ವಿಭಾಗದವರು ಪ್ರಯೋಗ ಹೇಳಿಕೊಡಲಿ. ಖರ್ಚಿನ ಲೆಕ್ಕ ನಾವು ಕಾಮರ್ಸ್‌ನವರು ಬರೆಯುತ್ತೇವೆ.